ಗಿರಿಜಕ್ಕನ ಮುಡಿಗೆ ಹೋದ ಹೂವು

ಗಿರಿಜಕ್ಕ ಹೋಟೆಲಿನಲ್ಲಿ ಕುರ್ಚಿ ಎಳೆದು ಕೂರುವ ಮೊದಲೇ ತಿಂಡಿ ಹೇಳಿಬಿಡುತ್ತಿದ್ದಳು. ಬ್ಯಾಗು ಇನ್ನೂ ಹೆಗಲಲ್ಲೇ ಇರುವಾಗ, "ನಂಗೊಂದ್ ಪ್ಲೇಟ್ ಪಡ್ಡು, ಇವ್ಳಿಗೊಂದ್ ಸೆಟ್ ದೋಸೆ" ಎಂದು ದೂರದಲ್ಲಿದ್ದ ಮಾಣಿಗೆ ಕೂಗಿ, ಆಮೇಲೆ ಸೆರಗು ಸರಿಮಾಡಿಕೊಂಡು ಕೂರುವುದು ಅವಳ ಕ್ರಮ. ನಾನು ಆ ಹೊತ್ತಿಗೆ ಗೋಡೆಯ ಮೇಲಿನ ಬೋರ್ಡಿನ ಮೊದಲ ಸಾಲಿನಲ್ಲಿರುತ್ತಿದ್ದೆ. ನನಗೇನು ಬೇಕೆಂದು ಅವಳು ಕೇಳುತ್ತಿರಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಆದರೆ ದೋಸೆ ಬಂದು ಎದುರಿಗೆ ಕೂತಾಗ, ಬೋರ್ಡೆಲ್ಲ ಓದಿದ ಮೇಲೂ ನಾನು ಇದನ್ನೇ ಹೇಳುತ್ತಿದ್ದೆ ಎಂದು ಗೊತ್ತಾಗುತ್ತಿತ್ತಲ್ಲ, ಆಗ ಹೊಟ್ಟೆ ಉರಿಯುತ್ತಿತ್ತು.

ನಾವಿಬ್ಬರೂ ಭದ್ರಾವತಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಟೀಚರುಗಳು. ನನ್ನ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ, ಅವಳದ್ದು ಗೋಪಾಳದಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಒಟ್ಟಿಗೆ ಹೋಗುವುದು, ಸಂಜೆ ಒಟ್ಟಿಗೆ ಬರುವುದು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲಂತೂ ನನ್ನ ಪಾಡು ಹೇಳತೀರದು. ಹೊರಟು ನಿಂತ ಪ್ರೈವೇಟ್ ಬಸ್ಸು ಹತ್ತುವುದೋ, ಇನ್ನೂ ಬಾರದ ಸರ್ಕಾರಿ ಬಸ್ಸಿಗೆ ಕಾಯುವುದೋ ಎಂದು ಮೀನಮೇಷ ಎಣಿಸುತ್ತ ನಿಂತಿರುತ್ತಿದ್ದೆ. ಗಿರಿಜಕ್ಕ ಬಂದವಳೇ ರಟ್ಟೆ ಹಿಡಿದು ಯಾವುದಾದರೊಂದಕ್ಕೆ ಹತ್ತಿಸುತ್ತಿದ್ದಳು. "ಎರಡೂ ಭದ್ರಾವತಿಗೇ ಹೋಗೋದು ಮಾರಾಯ್ತಿ. ಹತ್ತು."

ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಒಂದು ಪಕ್ಕ ತಮಿಳರ ಮನೆ, ಇನ್ನೊಂದು ಪಕ್ಕ ತೆಲುಗರ ಮನೆ. ಮೂರು ಭಾಷೆಯಲ್ಲಿ ಜಗಳವಾಡಬಲ್ಲವಳು, ಮೂರರಲ್ಲೂ ಜೋರು ದನಿ. ನಾನು ಏನಾದರೂ ತಲೆಕೆಡಿಸಿಕೊಂಡು ಕೂತರೆ "ಅಯ್ಯೋ, ಪೋಡಿ!" ಎಂದು ತಮಿಳಿನಲ್ಲಿ ಗದರಿ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ನನ್ನದು ಬಾಲ್ಯದಿಂದಲೂ ನಾಲ್ಕು ಜನರ ನಡುವೆ ಬಾಯಿ ಒಣಗುವ ಸ್ವಭಾವ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಮುಗಿಸುವಷ್ಟರಲ್ಲಿ ಆ ವಿಷಯವೇ ಮುಗಿದುಹೋಗಿರುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಗಿರಿಜಾ ಮಿಸ್ಸನ್ನ ಕೇಳಿ" ಎನ್ನುವಾಗ, ನನ್ನನ್ನೂ ಯಾರಾದರೂ ಒಂದು ಸಲ ಕೇಳಬಾರದೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಆ ಮಾತು ಬೇರೆ.

ಒಂದು ಸಲ ಅವಳು ಸೋತದ್ದನ್ನು ನೋಡುವ ಭಾಗ್ಯ ನನಗೆ ಬಂತು, ಅಂದರೆ ಬಂದೇಬಿಟ್ಟಿತು ಅಂದುಕೊಂಡೆ. ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಎಲ್ಲಿಗೆ ಕರೆದೊಯ್ಯುವುದು ಎಂಬ ಚರ್ಚೆ. "ಸಕ್ರೆಬೈಲು ಆನೆ ಬಿಡಾರ. ಮಧ್ಯಾಹ್ನ ಊಟ ಮುಗ್ಸಿ ಹೋಗೋಣ. ಆಯ್ತು, ನಡೀರಿ" ಎಂದು ಅವಳು ಎದ್ದೇಬಿಟ್ಟಳು. ಆನೆಗಳು ಇರುವುದು ಬೆಳಿಗ್ಗೆ, ಬಿಸಿಲೇರುವಷ್ಟರಲ್ಲಿ ಕಾಡಿಗೆ ಹೋಗಿಬಿಡುತ್ತವೆ ಎಂದು ನನಗೆ ಗೊತ್ತಿತ್ತು. ಅದನ್ನು ಅವಳಿಗೆ ಬೇಜಾರಾಗದ ಹಾಗೆ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗಲೇ ಪ್ರವಾಸದ ದಿನ ಬಂದುಹೋಯಿತು. ಅಲ್ಲಿ ಹೋಗಿ ಇಳಿದರೆ ನೀರು ಇದೆ, ಸರಪಳಿ ಇದೆ, ಆನೆ ಇಲ್ಲ. ನನ್ನೊಳಗೆ ಹಬ್ಬ. ಗಿರಿಜಕ್ಕ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. "ತಪ್ಪಾಯ್ತು ಕಣ್ರೋ ಮಕ್ಳಾ, ನಂಗೆ ಗೊತ್ತಿರ್ಲಿಲ್ಲ. ಆನೆ ಇಲ್ದಿದ್ರೆ ಏನಂತೆ, ಲದ್ದಿ ಐತೆ. ಆನೆ ಏನೇನ್ ತಿಂದೈತೆ ಅಂತ ಯಾರ್ ಕಂಡ್‌ಹಿಡೀತೀರಾ ನೋಡೋಣ" ಎಂದು ಕಡ್ಡಿ ಹಿಡಿದು ಕೂತಳು. ಮರುದಿನ ಮಕ್ಕಳೆಲ್ಲ ಆನೆ ಲದ್ದಿಯ ಮೇಲೆ ಪುಟಗಟ್ಟಲೆ ಬರೆದರು. ನಾನು ಕಲಿಸಿದ ಯಾವ ಪಾಠಕ್ಕೂ ಅವರು ಹಾಗೆ ಬರೆದದ್ದಿಲ್ಲ. ತಪ್ಪು ಮಾಡಿಯೂ ಗೆಲ್ಲುವವರನ್ನು ಕಂಡು ಕರುಬದೆ ಇರುವುದು ಹೇಗೆ, ನೀವೇ ಹೇಳಿ.

ನಮ್ಮ ಹೆಡ್ ಮಿಸ್ ನಿವೃತ್ತರಾಗುವ ವರ್ಷ ಶಾಲೆಯ ಕಾರ್ಯದರ್ಶಿಗಳು ನನ್ನನ್ನು ಕರೆದರು. "ನೀವೇ ಸೀನಿಯರು. ಹೆಡ್ ಮಿಸ್ ಆಗ್ತೀರಾ? ಸೋಮವಾರ ಹೇಳಿ" ಎಂದರು. ನನಗೆ ಬೇಕಿತ್ತು. ಆಸೆ ಸಣ್ಣದಿರಲಿಲ್ಲ. ಆಫೀಸು ರೂಮಿನ ಮೂಲೆಯಲ್ಲಿ ಕಥೆ ಪುಸ್ತಕಗಳ ಬೀರುವೊಂದಿತ್ತು; ಕೀಲಿ ಕಳೆದುಹೋಗಿದೆ, ಮಕ್ಕಳು ಹರಿದುಹಾಕುತ್ತಾರೆ ಎಂದು ಅದಕ್ಕೆ ಸದಾ ಬೀಗ. ಗಾಜಿನ ಹಿಂದೆ ಪುಸ್ತಕಗಳನ್ನು ನೋಡುತ್ತ ನಿಲ್ಲುತ್ತಿದ್ದ ಮಕ್ಕಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೆಡ್ ಮಿಸ್ ಆದ ದಿನವೇ ಆ ಬೀಗ ತೆಗೆಸುತ್ತೇನೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಆದರೆ ಹೆಡ್ ಮಿಸ್ ಎಂದರೆ ವೇದಿಕೆ ಹತ್ತಿ ಮೈಕು ಹಿಡಿಯಬೇಕು, ಜಗಳಕ್ಕೆ ಬರುವ ಅಪ್ಪ ಅಮ್ಮಂದಿರಿಗೆ ಎದುರು ನಿಲ್ಲಬೇಕು. ಹೂಂ ಅನ್ನಲೂ ಭಯ, ಊಹೂಂ ಅನ್ನಲೂ ಸಂಕಟ.

ಏನೋ ಚಿಂತೆಯಲ್ಲಿದ್ದೇನೆ ಎಂದಷ್ಟೇ ಗಿರಿಜಕ್ಕನಿಗೆ ಹೇಳಿದೆ, ವಿಷಯ ಹೇಳಲಿಲ್ಲ. "ಹಂಗಾರೆ ಶುಕ್ರವಾರ ಅಮ್ಮನ ಗುಡೀಲಿ ಪ್ರಸಾದ ಕೇಳ್ಬಿಡು. ನಾನೂ ಬರ್ತೀನಿ" ಎಂದಳು. ಶಾಲೆಯ ಹಿಂದಿನ ಬೀದಿಯ ಆ ಗುಡಿಯಲ್ಲಿ ದೇವಿಯ ಮೈಮೇಲೆ ಒದ್ದೆ ಹೂವುಗಳನ್ನು ಅಂಟಿಸಿರುತ್ತಾರೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ನಿಲ್ಲಬೇಕು. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ನಾನು ಕಣ್ಣು ಮುಚ್ಚಿ ನಿಂತೆ. 'ಒಪ್ಪಿಕೊಳ್ಳಲೇ ತಾಯಿ' ಎಂದು ಕೇಳುವುದೋ, 'ಒಪ್ಪಿಕೊಂಡರೆ ಒಳ್ಳೆಯದಾಗುತ್ತದೆಯೇ' ಎಂದೋ? ಒಳ್ಳೆಯದು ಎಂದರೆ ಯಾರಿಗೆ, ನನಗೋ ಶಾಲೆಗೋ? ಅಥವಾ 'ಬಿಟ್ಟುಬಿಡಲೇ' ಎಂದು ಕೇಳಿ ಎಡಕ್ಕೆ ಬಿದ್ದರೆ ಏನೆಂದು ತಿಳಿಯುವುದು? ಹೀಗೆ ಪ್ರಶ್ನೆಯನ್ನು ತಿದ್ದುತ್ತಿರುವಾಗಲೇ ಅರ್ಚಕರು ಗಂಟೆ ಬಾರಿಸಿದರು.

"ಬಲಗಡೆ ಆಯ್ತಮ್ಮಾ! ಒಳ್ಳೇ ಪ್ರಸಾದ. ಏನ್ ಕೇಳ್ಕೊಂಡ್ರಿ?"

"ಇನ್ನೂ ಕೇಳಿರ್ಲಿಲ್ಲ" ಎಂದೆ.

ಅರ್ಚಕರು ನನ್ನ ಮುಖ ನೋಡಿದರು. ಅವರ ಸರ್ವೀಸಿನಲ್ಲಿ ಇಂಥ ಭಕ್ತೆಯನ್ನು ಕಂಡಿರಲಿಕ್ಕಿಲ್ಲ. "ವಾರಕ್ಕೊಂದೇ ಸಲ ಕೇಳೋದು. ಇನ್ ಬರೋ ಶುಕ್ರವಾರ ಬನ್ನಿ" ಎಂದರು. ಗಿರಿಜಕ್ಕ ಕಿಸಕ್ಕನೆ ನಕ್ಕು, "ಹಂಗಾರೆ ಇದು ನಂದು" ಎಂದು ತಟ್ಟೆಯಲ್ಲಿದ್ದ ಹೂವನ್ನು ತೆಗೆದು ತನ್ನ ಮುಡಿಗೆ ಸಿಕ್ಕಿಸಿಕೊಂಡಳು.

ಸೋಮವಾರ ಕಾರ್ಯದರ್ಶಿಗಳಿಗೆ, "ಸ್ವಲ್ಪ ಟೈಮ್ ಬೇಕಿತ್ತು ಸರ್" ಎಂದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿನ ನನ್ನ ಮಾತು ಅವರಿಗೆ ಸಾಕಾಗಿರಬೇಕು. ಮಧ್ಯಾಹ್ನದ ಮೀಟಿಂಗಿನಲ್ಲಿ ಎಲ್ಲರನ್ನೂ ಉದ್ದೇಶಿಸಿ ಕೇಳಿದರು, "ಯಾರಾದ್ರೂ ಈ ಜವಾಬ್ದಾರಿ ತಗೋತೀರಾ?" ನನ್ನ ಕೈ ಮಡಿಲಿನಲ್ಲೇ ಇತ್ತು. ಪಕ್ಕದಲ್ಲಿ ಗಾಜಿನ ಬಳೆಗಳ ಸದ್ದಾಯಿತು.

"ನಾನ್ ಮಾಡ್ತೀನಿ ಸರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಥ ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಆಗಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿಯಾಚೆ ಮುಖ ಮಾಡಿ ಕೂತೆ. ಅವಳು ಒಮ್ಮೆ ಕೇಳಿದಳು, "ಯಾಕೆ ಸುಮಾ, ನಿಂಗೆ ಬೇಕಿತ್ತಾ?"

"ಇಲ್ಲಪ್ಪ, ನಂಗ್ಯಾಕೆ ಅದು" ಎಂದೆ.

ಮಾತಿಲ್ಲದೆ ಅವಳು ಅಷ್ಟು ದೂರ ಬಂದದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೂ ಗೋಪಾಳದ ಸಿಟಿ ಬಸ್ಸೊಂದನ್ನು ಹೋಗಲು ಬಿಟ್ಟು ನನ್ನ ಜೊತೆ ನಿಂತಳು. ನಾನು "ಬರ್ತೀನಿ" ಎಂದು ಹೊರಟುಬಿಟ್ಟೆ.

ಹೆಡ್ ಮಿಸ್ಸಾಗಿ ಅವಳು ಚೆನ್ನಾಗಿಯೇ ನಡೆಸಿದಳು, ಅದನ್ನೂ ನಾನು ನೋಡಬೇಕಾಯಿತು. ಬೀರುವಿನ ಬೀಗ ಮಾತ್ರ ಹಾಗೇ ಇತ್ತು. ಪುಸ್ತಕದ ಹುಚ್ಚು ಅವಳಿಗಿರಲಿಲ್ಲ, ಅತ್ತ ನೋಡಿದ್ದೇ ಇಲ್ಲ. ನಾನು ಹೇಳಲಿಲ್ಲ. ನಾನಿದ್ದರೆ ತೆಗೆಸುತ್ತಿದ್ದೆ ಎಂಬ ಹೆಮ್ಮೆಯೊಂದನ್ನಾದರೂ ನನಗಾಗಿ ಉಳಿಸಿಕೊಂಡಿದ್ದೆ.

ಮೂರನೆಯ ವರ್ಷ ಅವಳ ಗಂಡನಿಗೆ ಕಲಬುರಗಿಗೆ ವರ್ಗವಾಯಿತು. ಸಂಜೆ ಆರ್ಡರು ಬಂತು, ಮರುದಿನ ಬೆಳಿಗ್ಗೆ ರಾಜೀನಾಮೆ. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದೆ, "ಅವತ್ತು ಗುಡೀಲಿ ನೀನೇನು ಕೇಳ್ಕೊಂಡಿದ್ದೆ ಗಿರಿಜಕ್ಕ?"

"ನಾನಾ? ಏನೂ ಕೇಳಿರ್ಲಿಲ್ಲ. ಹೂ ಬಿತ್ತಲ್ಲ, ಆಮೇಲೆ ಕೇಳ್ಕೊಂಡೆ" ಎಂದು ನಕ್ಕು ಬಸ್ಸು ಹತ್ತಿದಳು.

ಮುಂದಿನ ಮೀಟಿಂಗಿನಲ್ಲಿ ಕಾರ್ಯದರ್ಶಿಗಳು "ಈಗ ಯಾರಾದ್ರೂ..." ಎನ್ನುತ್ತಿದ್ದಂತೆ ನಾನು ಕೈಯೆತ್ತಿ, "ನಾನ್ ಮಾಡ್ತೀನಿ ಸರ್" ಎಂದೆ. "ಫ್ಯಾನ್ ಹಾಕ್ತೀರಾ ಅಂತ ಕೇಳ್ತಿದ್ದೆ" ಎಂದರು ಅವರು. ಎಲ್ಲರೂ ನಕ್ಕರು. ನನ್ನ ಕಿವಿ ಕೆಂಪಾಯಿತು, ಆದರೆ ಕೈ ಇಳಿಸಲಿಲ್ಲ. "ಅದನ್ನೂ ಹಾಕ್ತೀನಿ ಸರ್, ಹೆಡ್ ಮಿಸ್ಸೂ ಆಗ್ತೀನಿ" ಎಂದೆ. ಬಾಯಿ ಒಣಗಿತ್ತು, ಮಾತು ಹೊರಬಂದಿತ್ತು.

ಮೊದಲ ದಿನವೇ ಬೀಗ ಒಡೆಸಿದೆ. ಕೆಳಗಿನ ಎರಡು ಸಾಲು ಗೆದ್ದಲು ತಿಂದಿತ್ತು. ಉಳಿದವನ್ನು ಮಕ್ಕಳು ಮುಗಿಬಿದ್ದು ಎತ್ತಿಕೊಳ್ಳುತ್ತಿರುವ ಫೋಟೋವನ್ನು ಗಿರಿಜಕ್ಕನಿಗೆ ಕಳಿಸಿದೆ. ನಿಜ ಹೇಳಬೇಕೆಂದರೆ, ಅವಳು ಮಾಡದೇ ಇದ್ದದ್ದನ್ನು ನಾನು ಮಾಡಿದೆ ಎಂದು ತೋರಿಸಲಿಕ್ಕೇ ಕಳಿಸಿದ್ದು. ಕೂಡಲೇ ವಾಯ್ಸ್ ಮೆಸೇಜು ಬಂತು. "ಅಯ್ಯೋ, ಈ ಬೀರು ವಿಷ್ಯ ನಂಗೊಂದ್ ಮಾತ್ ಹೇಳಿದ್ರೆ ಅವತ್ತೇ ಒಡೆಸ್ತಿದ್ನಲ್ಲೇ!"

ಉತ್ತರವನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಫೋನೇ ಮಾಡಿದೆ.

"ನಂಗೆ ಅವತ್ತು ಬೇಕಿತ್ತು ಗಿರಿಜಕ್ಕ."

"ಗೊತ್ತಿತ್ತು ಕಣೇ" ಎಂದಳು. ಅವಳ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿರಲಿಲ್ಲ. "ಬಸ್ಸಲ್ಲಿ ನಿನ್ ಮುಖ ನೋಡಿದ್ ಮೇಲೆ ಗೊತ್ತಾಯ್ತು. ಹೂಂ ಅಂದಿದ್ರೆ ಮಾರನೇ ದಿನಾನೇ ಬಿಟ್‌ಕೊಡ್ತಿದ್ದೆ. ನೀನು ಹೇಳ್ತೀಯೇನೋ ಅಂತ ಗೋಪಾಳದ ಬಸ್ಸನ್ನೂ ಬಿಟ್ಟು ಕಾದೆ."