ಸೊಟ್ಟ ಕೂತ ತುಣುಕು

ಡಾಕ್ಟರೇಟ್ ಬಂದ ಮ್ಯಾಲೆ ಬೀದರಿನ ಕಾಲೇಜೊಂದರಾಗ ನನಗ ಶಾಲು ಹೊದಿಸಿದರು. ಭಾಷಣಕ್ಕ ನಿಂತ ದೊಡ್ಡ ಮನುಷ್ಯರೊಬ್ಬರು, ಔರಾದಿನ ಬರಗಾಲನೇ ಈಕಿಗೆ ವಿಜ್ಞಾನ ಕಲಿಸ್ತು, ನೀರಿನ ಪಾಳಿ ನೋಡಿ ಎಲೆಕ್ಟ್ರಾನಿನ ಓಟ ತಿಳಕೊಂಡಳು ಅಂದರು. ಜನ ಚಪ್ಪಾಳಿ ಹೊಡೆದರು. ನನಗ ಮೈಯೆಲ್ಲಾ ಉರೀತು. ಬರಗಾಲ ಯಾರಿಗೂ ಏನೂ ಕಲಿಸಂಗಿಲ್ಲ. ನಮ್ಮ ಓಣಿಯ ಅರ್ಧ ಮಂದೀನ್ನ ಹೈದರಾಬಾದಿಗೆ ಗುಳೆ ಕಳಿಸ್ತು, ಅಷ್ಟೇ. ಎಲೆಕ್ಟ್ರಾನ್ ಅಂದ್ರ ಏನಂತ ನಾ ಕಲಿತದ್ದು ಭಾಲ್ಕಿಯ ಹಾಸ್ಟೆಲಿನಾಗ, ಪುಸ್ತಕ ಓದಿ ಓದಿ ಕಣ್ಣು ಕೆಡಿಸಿಕೊಂಡು.

ನಾನೂ ಹೈದರಾಬಾದಿಗೇ ಹೋಗಿದ್ದೆ, ಆದರ ಲ್ಯಾಬಿಗೆ. ಅಲ್ಲಿ ನನ್ನ ಕೈಯಾಗ ಇದ್ದದ್ದು ಜ್ವಾಳದ ಕಾಳಿಗಿಂತ ಸಣ್ಣದೊಂದು ತುಣುಕು. ಎರಡು ನಮೂನಿ ಅರೆವಾಹಕ ಪದರು ಪದರಾಗಿ ಬೆಳೆಸಿದ್ದು, ಸೂಪರ್‌ಲ್ಯಾಟಿಸ್ ಅಂತಾರ. ವೋಲ್ಟೇಜ್ ಕೊಟ್ಟರ ಎಲೆಕ್ಟ್ರಾನುಗಳು ಗುಂಪು ಕಟ್ಟಿಕೊಂಡು ಈ ಬದಿಯಿಂದ ಆ ಬದಿಗೆ ಓಡ್ತಾವ. ಒಂದು ಗುಂಪು ದಾಟಿದ ಮ್ಯಾಲೆ ಇನ್ನೊಂದು. ಹಿಂಗಾಗಿ ಕರೆಂಟು ಸೆಕೆಂಡಿಗೆ ನೂರಾರು ಕೋಟಿ ಸಲ ಏರಿಳೀತದ. ಆ ಏರಿಳಿತ ನಾ ಹೇಳಿದಂಗ ಕೇಳಬೇಕು, ಇನ್ನೂ ಜೋರಾಗಬೇಕು. ಇದರ ಬೆನ್ನು ಹತ್ತಿ ಆರು ವರ್ಷ ಕಳದೀನಿ.

ತುಣುಕನ್ನ ಅಯಸ್ಕಾಂತಕ್ಕ ನೆಟ್ಟಗ ಇಟ್ಟು ಅಳೀಬೇಕು. ಒಂದಿನ ಹಿಡಿಕಿಗೆ ಅಂಟಿಸುವಾಗ ಕೈ ತಪ್ಪಿ ತುಣುಕು ಸೊಟ್ಟ ಕೂತುಬಿಡ್ತು. ಹಾಂಗೇ ಅಯಸ್ಕಾಂತದ ಎರಡು ಧ್ರುವಗಳ ನಡುವ ಇಟ್ಟು ಅಳದೆ. ಏರಿಳಿತದ ವೇಗ ಅಲ್ಲೀತನಕ ಕಂಡದ್ದಕ್ಕಿಂತ ಭಾಳ ಹೆಚ್ಚಿತ್ತು! ಗೈಡ್ ಸರ್ ಒಪ್ಪಲಿಲ್ಲ. ತುಣುಕು ಕೂಡಿಸಿದ್ದೇ ತಪ್ಪು, ಆ ಅಧ್ಯಾಯ ತೆಗಿ, ಇಲ್ಲಂದ್ರ ಪ್ರಬಂಧಕ್ಕ ಸಹಿ ಮಾಡಂಗಿಲ್ಲ ಅಂದರು. ಅದನ್ನ ತೆಗೆದರ ಪ್ರಬಂಧದಾಗ ನಂದು ಅನ್ನೋದು ಏನೂ ಉಳೀತಿರಲಿಲ್ಲ.

ಸಿಟ್ಟಿಲೆ ನಮ್ಮೂರು ಔರಾದಿಗೆ ಬಂದೆ. ಮರುದಿನ ಮುಂಜಾನಿ ಅವ್ವನ ಜೊತಿ ನೀರಿನ ಟ್ಯಾಂಕರಿನ ಕಡೆ ಹೋದೆ. ಅವ್ವ ನಸುಕಿನಾಗೇ ಪಾಳಿಗೆ ಇಟ್ಟು ಬಂದಿದ್ದ ಕೊಡ ಯಾರೋ ಎತ್ತಿ ಕಟ್ಟಕಡೀಗೆ ಇಟ್ಟಿದ್ದರು. ನಮ್ಮ ಓಣಿಯವರ ಕೊಡ ಯಾವಾಗಲೂ ಹಿಂಗೇ ಹಿಂದ ಸರೀತಾವ. ಕೇಳಿದರ, ನಿಮ್ಮದು ಸೊಟ್ಟ ಇತ್ತು, ಸಾಲಿನಾಗ ಇರಲಿಲ್ಲ ಅಂತ ಒಬ್ಬಾಕಿ ಅಂದಳು. ಅವ್ವ ಜಗಳ ಆಡಲಿಲ್ಲ. ಕೊಡ ತಂದು ಮದಲಿನ ಜಾಗಕ್ಕೇ, ಹ್ಯಾಂಗಿತ್ತೋ ಹಾಂಗೇ ಸೊಟ್ಟ ಇಟ್ಟಳು.

"ಸೊಟ್ಟ ಇದ್ರ ಇರಲಿ. ಪಾಳಿ ನಂದು," ಅಂದಳು.

ನಾ ತಿರುಗಿ ಲ್ಯಾಬಿಗೆ ಹೋಗಿ ತುಣುಕನ್ನ ಬೇಕಂತಲೇ ಸೊಟ್ಟ ಕೂಡಿಸಿದೆ. ಸರ್ ಅವರನ್ನ ಬಾಜೂ ಕೂಡಿಸಿಕೊಂಡು ಮೂರು ಸಲ ಮಾಡಿ ತೋರಿಸಿದೆ. ವಾಲಿಸಿದರ ವೇಗ ಏರ್ತಿತ್ತು, ನೆಟ್ಟಗ ಮಾಡಿದರ ಇಳೀತಿತ್ತು. ಅವರು ಮೂರೂ ಸಲದ ಅಂಕಿ ಬರಕೊಂಡರು. ಆಮ್ಯಾಲೆ, ಆಗಲಿ, ಇದನ್ನ ಹಿಂದ ಅನುಬಂಧದಾಗ ಹಾಕಿಕೊ ಅಂದರು.

"ಎಲ್ಲಿತ್ತೋ ಅಲ್ಲೇ ಇರ್ತದ್ರಿ ಸರ್," ಅಂದೆ.

ಸಹಿ ಆಗೋತನಕ ಅವರ ಟೇಬಲ್ ಮುಂದಿಂದ ಕದಲಲಿಲ್ಲ.