ಮೂವರ ಮಂಚ

ಹುಲ್ಲಿನ ಟೋಪಿ ಹೆಣೆದೇ ಬದುಕಿದ್ದ ಕೆಜಾಯಾ ಟ್ರಾಂಟರ್, ಬೆರಳು ಸೊಟ್ಟಗಾದ ಮೇಲೆ ಅರವತ್ತರ ವಯಸ್ಸಿನಲ್ಲಿ ದಿಕ್ಕಿಲ್ಲದ ಬಡವರಿಂದ ಕೆಲಸ ಮಾಡಿಸಿಕೊಂಡು ಊಟ, ಆಸರೆ ಕೊಡುವ ಸರ್ಕಾರಿ ದುಡಿಮೆಮನೆ ಸೇರಿದಳು. ಮೂವತ್ತು ಮಂಚಗಳ ಕೋಣೆಯಲ್ಲಿ ಎಪ್ಪತ್ತು ಹೆಂಗಸರಿದ್ದರು. ಕೆಜಾಯಾಳ ಮಂಚಕ್ಕೆ ಮೂವರು. ಪಕ್ಕದಲ್ಲೇ ಮಲಗುವ ಡಾರ್ಕಸ್ ಕೆಮ್ಮಿದರೆ ಇವಳ ಎದೆಯೂ ಅಲುಗುತ್ತಿತ್ತು.

ಒಂದು ಬೆಳಿಗ್ಗೆ ಲಂಡನ್ನಿನಿಂದ ತನಿಖಾಧಿಕಾರಿ ಬರುವನೆಂದು ಮೇಲ್ವಿಚಾರಕಿ ನಲವತ್ತು ಜನರನ್ನು ಬಟ್ಟೆ ಒಗೆಯುವ ಮನೆಗೆ ಅಟ್ಟಿದಳು. ಉಳಿದವರು ಮಂಚಕ್ಕೊಬ್ಬರಂತೆ ನಿಂತರು.

"ಏನಮ್ಮಾ, ಚೆನ್ನಾಗಿ ನಿದ್ದೆ ಬರುತ್ತಾ?" ಎಂದು ಅಧಿಕಾರಿ ಕೆಜಾಯಾಳನ್ನು ಕೇಳಿದ.

ಮೇಲ್ವಿಚಾರಕಿ ಕಣ್ಣು ಕೆಕ್ಕರಿಸಿದಳು. ಹೆದರುವುದಕ್ಕೂ ಕೆಜಾಯಾಳಲ್ಲಿ ತ್ರಾಣವಿರಲಿಲ್ಲ. "ಇದ್ರಲ್ಲಿ ಮೂರು ಜನ ಮಲಗ್ತೀವಿ ಸ್ವಾಮಿ. ಅವರಿಬ್ರು ಒಗೆಯೋ ಮನೇಲಿ ನಿಂತವ್ರೆ. ಡಾರ್ಕಸ್‌ಗೆ ಕೆಮ್ಮು, ತೇವ ಆಗ್ಬರಲ್ಲ. ಬೇಗ ನೋಡ್ಕೊಂಡು ಹೊರಡಿ, ಅವ್ಳು ಬಂದು ಒರಗ್ಲಿ."

ಅಧಿಕಾರಿ ಬರೆದುಕೊಂಡು ಹೋದ. ಬಾಯಿ ಬಿಟ್ಟ ತಪ್ಪಿಗೆ ಆ ವಾರವೆಲ್ಲ ಕೆಜಾಯಾಳಿಗೆ ಒಣ ರೊಟ್ಟಿಯೇ ಗತಿಯಾಯಿತು. ತಿಂಗಳ ಮೇಲೆ ನಲವತ್ತು ಹಾಸಿಗೆ ಬಂದವು. ಅದೇ ಕೋಣೆಯಲ್ಲಿ, ಮಂಚಗಳ ನಡುವಿನ ದಾರಿಯಲ್ಲೇ ಹಾಸಿದರು. ಬಾಗಿಲಿಗೆ ಹೋಗಬೇಕಾದರೆ ಮಲಗಿದವರನ್ನು ದಾಟಿಯೇ ಹೋಗಬೇಕಾಯಿತು.

"ಇದ್ನೇನೇ ನೀನು ಕೇಳಿದ್ದು?" ಎಂದು ಡಾರ್ಕಸ್ ನೆಲದ ಹಾಸಿಗೆಯಿಂದ ನಕ್ಕಳು.

"ನಾನೇನೂ ಕೇಳ್ಲಿಲ್ಲ ಕಣೇ, ಇದ್ದಿದ್ದು ಹೇಳ್ದೆ," ಎಂದು ಕೆಜಾಯಾ ಕಣ್ಣು ಮುಚ್ಚಿದಳು.