ಮುಂದೆ ಬಂದ ಹೆಸರು

ಅಲುಷ್ ಕಡಿಮೆ ಮಾತಿನವನು. "ಅಲುಷಣ್ಣ ಒಂದು ಮಾತು ಮುಗಿಸೋದ್ರೊಳಗೆ ಜೋಳ ತೆನೆ ಬಿಟ್ಟಿರುತ್ತೆ" ಎಂದು ತೆನೆಹಾಪಾ ಗುಡ್ಡದ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಶಾಲೆ ಕಂಡವನಲ್ಲ. ಹುಡುಗನಾಗಿದ್ದಾಗಲೇ ಕೆಳಗಿನ ಕಾಫಿ ತೋಟಗಳಿಗೆ ಕೂಲಿಗೆ ಇಳಿದವನು. ಅಲ್ಲಿ ಜ್ವರ ಬಂದು ಬಿದ್ದಾಗ ತಮ್ಮ ತುಮಾಷ್ ಅವನನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿದ್ದ.

ಆ ತಮ್ಮ ಈಗ ಊರಮನೆಯ ಅಂಗಳದಲ್ಲಿ, ನ್ಯಾಯಕ್ಕೆ ಸೇರಿದ ಜನರ ನಡುವೆ, ಅವನ ಎದುರಿಗೇ ಕೂತಿದ್ದ.

ಬಿತ್ತನೆಗೆ ಮುಂಚೆ ಹೊಲ ಸುಡುವ ಕಾಲ. ಯಾರದೋ ಬೆಂಕಿ ದಾಟಿಬಂದು ವಿಧವೆ ರೋಶಾಳ ಜೋಳದ ಕಣಜವನ್ನು ನುಂಗಿತ್ತು. ಹೊರಗಿನಿಂದ ಬಂದು ಪಕ್ಕದ ಹೊಲ ಗುತ್ತಿಗೆ ಹಿಡಿದಿದ್ದ ಪೆತುಲ್‌ನ ಮೇಲೆ ಎಲ್ಲರಿಗೂ ಅನುಮಾನ. ಬೇರೆ ಹೆಸರು ಬಾರದೆ ಇವತ್ತು ಸಾಕ್ಷಿ ಮುಗಿದರೆ ಅವನು ಸಂಸಾರ ಕಟ್ಟಿಕೊಂಡು ಊರು ಬಿಡಬೇಕು. ಆದರೆ ಅವತ್ತು ಮೇಲಿನ ಪೈನ್ ಮರಗಳ ನಡುವೆ ಸೌದೆ ಕಡಿಯುತ್ತಿದ್ದ ಅಲುಷ್ ಕಣ್ಣಾರೆ ಕಂಡಿದ್ದ: ಗಾಳಿ ಎದ್ದಿದ್ದರೂ ಉರಿ ತಡೆಯಲು ಅಂಚು ಕೆರೆಯದೆ ತನ್ನ ಹೊಲಕ್ಕೆ ಬೆಂಕಿ ಇಟ್ಟವನು ತುಮಾಷ್.

ಅವರ ತ್ಸೆಲ್ತಾಲ್ ಭಾಷೆಯಲ್ಲಿ ಆದದ್ದು ಮೊದಲು, ಮಾಡಿದವನು ಕೊನೆಗೆ. ಬಾಲದಲ್ಲಿರುವ ಹೆಸರನ್ನು ಬೇಕಾದರೆ ನುಂಗಿಕೊಳ್ಳಬಹುದು. ಹೆಸರು ಮುಂದೆ ಬಂದರೆ ಬೆರಳು ಮಾಡಿ ತೋರಿಸಿದ ಹಾಗೆ. ಬೆಳಗಿನಿಂದ ಸಾಕ್ಷಿ ಹೇಳಿದವರೆಲ್ಲ ಬಾಲ ನುಂಗಿದವರೇ.

"ಹೇಳಪ್ಪ ಅಲುಷಣ್ಣ," ಎಂದ ಊರ ಯಜಮಾನ ಮನೇಲ್. "ಮಳೆ ಬರೋದ್ರೊಳಗೆ ಮುಗಿಸ್ತೀಯೇನೋ ನೋಡು."

ಜನ ನಕ್ಕರು. ಅಲುಷ್ ಟೋಪಿ ತೆಗೆದು ಅದರ ರಿಬ್ಬನ್ನುಗಳನ್ನು ಹಿಡಿದುಕೊಂಡ.

"ಸುಟ್ಟೋಯ್ತು ರೋಶಕ್ಕನ ಜೋಳ."

"ಸುಟ್ಟೋಯ್ತು ರೋಶಕ್ಕನ ಜೋಳ," ಎಂದು ಮನೇಲ್ ತಿರುಗಿ ಹೇಳಿದ. ಕೇಳಿದವನು ಹಾಗೆ ತಿರುಗಿ ಹೇಳಿದರೇ ಮಾತು ಒಪ್ಪಿದಂತೆ.

"ದಾಟಿ ಬಂತು ಬೆಂಕಿ."

"ದಾಟಿ ಬಂತು ಬೆಂಕಿ. ಅಷ್ಟೇನಾ?"

ತುಮಾಷನ ಹೆಗಲು ಸಡಿಲವಾಯಿತು. ಬೇಲಿಯ ಹತ್ತಿರ ಪೆತುಲ್‌ನ ಹೆಂಡತಿ ಆಗಲೇ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು. ಅಲುಷ್ ಅವಳನ್ನು ನೋಡಿದ.

"ತುಮಾಷ್," ಎಂದ.

ಅಂಗಳವೆಲ್ಲ ಒಮ್ಮೆಲೇ ಆ ಕಡೆ ತಿರುಗಿತು.

"ತುಮಾಷ್ ಇಟ್ಟಿದ್ದು ಬೆಂಕಿ. ಪೆತುಲ್ ಅಲ್ಲ."

ಮನೇಲ್ ಬಾಯಿ ತೆರೆದ, ತಿರುಗಿ ಹೇಳಲಿಲ್ಲ. ಯಾರೂ ಹೇಳಲಿಲ್ಲ. ಮಾತು ಅಂಗಳದ ನಡುವೆ ಅನಾಥವಾಗಿ ನಿಂತಿತು.

"ಒಡಹುಟ್ಟಿದವನನ್ನೇ ಮುಂದಿಟ್ಟನಲ್ಲ ಮಾರಾಯ," ಎಂದು ಹಿಂದಿನಿಂದ ಯಾರೋ ಗೊಣಗಿದರು.

ತುಮಾಷ್ ಎದ್ದು ನಿಂತ. "ನಿನ್ನ ಹೊತ್ತಿದ್ದು ಈ ಬೆನ್ನು, ಅಣ್ಣ. ಮರೆತ್ಯಾ?"

"ಮರೆತಿಲ್ಲ ನಾನು. ಅದಕ್ಕೇ ಇವತ್ತಿನ ತನಕ ಬಾಯಿ ಬಿಡ್ಲಿಲ್ಲ."

"ಇವತ್ತೂ ಬಿಡಬಾರದಿತ್ತು."

"ಅವರು ಊರು ಬಿಡ್ತಾರೆ ಕಣೋ, ತಮ್ಮ."

ತುಮಾಷ್ ಬೇಲಿಯ ಕಡೆ ನೋಡಿದ. ಕೂಸು ಅಳುತ್ತಿತ್ತು. ಅವನು ಮನೇಲ್‌ನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ:

"ಇಟ್ಟೆ ಬೆಂಕಿ, ನಾನು."

"ಇಟ್ಟೆ ಬೆಂಕಿ, ನೀನು," ಎಂದ ಮನೇಲ್. ಅಂಗಳ ಉಸಿರು ಬಿಟ್ಟಿತು.

ರೋಶಾಳ ಕಣಜವನ್ನು ತುಮಾಷ್ ತುಂಬಿಕೊಡಬೇಕೆಂದು ತೀರ್ಮಾನವಾಯಿತು. ಪೆತುಲ್ ಗುದ್ದಲಿ ಹೆಗಲಿಗೇರಿಸಿ ತನ್ನ ಹೊಲಕ್ಕೆ ಹೋದ.

ಸಂಜೆ ಅಲುಷ್ ತನ್ನ ಮನೆಯ ಜೋಳದ ಒಂದು ಮೂಟೆಯನ್ನು ಬೆನ್ನಿಗೇರಿಸಿ ರೋಶಾಳ ಮನೆಯ ಕಡೆ ಹೊರಟ. ದಾರಿಯಲ್ಲಿ ಮುಂದೆ ತುಮಾಷನೂ ಮೂಟೆ ಹೊತ್ತು ಹತ್ತುತ್ತಿದ್ದ.

"ಭಾರ ಇದೆ ಮೂಟೆ," ಎಂದ ಅಲುಷ್.

ಆ ಮಾತು ತಿರುಗಿ ಬರಲೆಂದು ಕಾದ. ತುಮಾಷ್ ತಿರುಗಿ ನೋಡದೆ ಹತ್ತುತ್ತಲೇ ಹೋದ. ಅಲುಷ್ ಮೂಟೆ ಹೊರುವ ಹಗ್ಗವನ್ನು ಹಣೆಗೆ ಸರಿಯಾಗಿ ಎಳೆದುಕೊಂಡು ಅವನ ಹಿಂದೆ ನಡೆದ.